ನೆಯ್ದಿಲ ಪೆಟ್ಟು: ಯಶೋಧರಚರಿತೆಯೂ ಮಾನವಿಪ್ರಲಂಭದ ಲಕ್ಷಣವೂ

ಹಗೆಯಿಂದ ಬರುವ ನೋವಿಗೂ ನಂಟಿನಿಂದ ಬರುವ ನೋವಿಗೂ ಉಳ್ಳ ಭೇದವು ಬರಿಯ ಹೆಚ್ಚುಕಡಮೆಯ ಭೇದವಲ್ಲ. ಸುಶ್ರುತಸಂಹಿತೆಯು ಮನುಷ್ಯಶರೀರದಲ್ಲಿ 107 ಮರ್ಮಗಳನ್ನು ಎಣಿಸಿ, ಅವುಗಳಲ್ಲಿ ಯಾವುದಕ್ಕೆ ಪೆಟ್ಟು ಬಿದ್ದರೆ ಯಾವ ಕೇಡು ಒದಗುವುದೆಂದು ವಿವರಿಸಿದೆ. ರಣದಲ್ಲಿ ಎದುರಾದ ಶತ್ರುವು ಕೈಗೆ ಸಿಕ್ಕಿದ ಕಡೆ ಹೊಡೆಯುವನು. ಅವನನ್ನು ತಡೆಯಲು ಕವಚವೂ ಇರುವುದು. ಒಂದೇ ಮನೆಯಲ್ಲಿ ಬಾಳಿದವರ ಸಂಗತಿ ಹಾಗಲ್ಲ. ಅವರಿಗೆ ಮನಸ್ಸಿನ ಮರ್ಮಗಳೆಲ್ಲ ಪರಿಚಿತವಾಗಿರುವುವು. ಅವರೆದುರಿಗೆ ಯಾರೂ ಕವಚವನ್ನು ತೊಟ್ಟು ನಿಲ್ಲುವುದಿಲ್ಲ. ಆದುದರಿಂದ ಅವರ ಕೈಯಲ್ಲಿ ಆಯುಧವೇ ಬೇಕಾಗಿಲ್ಲ. ಒಂದು ಹೂವು ಸಾಕು, ಒಂದು ನಗೆಮಾತು ಸಾಕು. ಈ ಸಂಗತಿಯನ್ನು ಕನ್ನಡದಲ್ಲಿ ಬಹು ಸೂಕ್ಷ್ಮವಾಗಿ ಕಂಡ ಕವಿಗಳಲ್ಲಿ ಜನ್ನನು ಒಬ್ಬನು. ಅವನ ಯಶೋಧರಚರಿತೆಯ ಒಂದು ಬೆಳಗಿನ ಪ್ರಸಂಗವನ್ನು ಅಲಂಕಾರಶಾಸ್ತ್ರದ ಮಾನಪ್ರಕರಣದ ಪಕ್ಕದಲ್ಲಿಟ್ಟು ನೋಡಿದರೆ, ಶಾಸ್ತ್ರದ ಎಲ್ಲೆಯೂ ಕಾವ್ಯದ ಹುರುಳೂ ಏಕಕಾಲದಲ್ಲಿ ಸ್ಪಷ್ಟವಾಗುವುವು.

ಮೊದಲು ಶಾಸ್ತ್ರದ ಮಾತು. ಹತ್ತನೆಯ ಶತಮಾನದ ಕೊನೆಯಲ್ಲಿ ಮಾಳವಾಧೀಶನಾದ ಮುಂಜನ ಆಸ್ಥಾನದಲ್ಲಿದ್ದ ಧನಂಜಯನು ತನ್ನ ದಶರೂಪಕದ ನಾಲ್ಕನೆಯ ಪ್ರಕಾಶದಲ್ಲಿ ಶೃಂಗಾರವನ್ನು ಅಯೋಗ, ವಿಪ್ರಯೋಗ, ಸಂಭೋಗ ಎಂದು ಮೂರಾಗಿ ವಿಂಗಡಿಸಿರುವನು. ಅವುಗಳಲ್ಲಿ ವಿಪ್ರಯೋಗವು ಮಾನ, ಪ್ರವಾಸ ಎಂದು ಎರಡು ಬಗೆ. ಪ್ರವಾಸದಲ್ಲಿ ದೇಶವು ಪ್ರಿಯರನ್ನು ಅಗಲಿಸುವುದು. ಮಾನದಲ್ಲಿ ಅವರು ಒಂದೇ ಹಾಸಿಗೆಯ ಮೇಲಿದ್ದೂ ಅಗಲಿರುವರು. ಈ ಎರಡನೆಯದನ್ನೂ ವಿರಹವೆಂದೇ ಕರೆದ ಶಾಸ್ತ್ರಕಾರರ ಲೋಕಜ್ಞಾನವನ್ನು ಮೆಚ್ಚಬೇಕು. ಮಾನವೂ ಮತ್ತೆ ಎರಡು ವಿಧ: ಪ್ರಣಯಮಾನ, ಈರ್ಷ್ಯಾಮಾನ. ಮೊದಲನೆಯದಕ್ಕೆ ಕಾರಣವೆಂಬುದು ಹೆಸರಿಗೆ ಮಾತ್ರ; ಒಲವು ತನ್ನ ಬಲವನ್ನು ತಾನೇ ಪರೀಕ್ಷಿಸಿಕೊಳ್ಳುವ ಆಟವದು; ದಂಪತಿಗಳಿಬ್ಬರಲ್ಲಿಯೂ ಅದು ಉಂಟಾಗಬಹುದು. ಎರಡನೆಯದು ಪ್ರಿಯನು ಅನ್ಯಾಸಕ್ತನೆಂದು ತಿಳಿದಾಗ ಹುಟ್ಟುವ ಕೋಪ. ಅದು ತಿಳಿಯುವ ದಾರಿ ಮೂರು. ಸಖಿಯ ಬಾಯಿಂದ ಕೇಳುವುದು ಒಂದು. ಕನವರಿಕೆಯ ಮಾತು, ಮೈಮೇಲಣ ಭೋಗಚಿಹ್ನೆ, ಗೋತ್ರಸ್ಖಲನ (ಎಂದರೆ ಒಬ್ಬಳನ್ನು ಕರೆಯುವಾಗ ಇನ್ನೊಬ್ಬಳ ಹೆಸರು ಬಾಯಿಗೆ ಬರುವುದು) ಇವುಗಳಿಂದ ಊಹಿಸುವುದು ಮತ್ತೊಂದು. ಕಣ್ಣಾರೆ ಕಾಣುವುದು ಮೂರನೆಯದು. ಇವು ಒಂದಕ್ಕಿಂತ ಒಂದು ಗುರುತರವಾದುವೆಂದೂ ಧನಂಜಯನು ಹೇಳಿರುವನು. ಈ ಈರ್ಷ್ಯಾಮಾನವನ್ನು ಆತನು ಸ್ತ್ರೀಯರಿಗೆ ಮಾತ್ರ ಹೇಳಿರುವನೆಂಬುದನ್ನು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

ಮಾನವನ್ನು ಕಳೆಯುವುದಕ್ಕೆ ಉಪಾಯಗಳು ಆರು: ಸಾಮ, ಭೇದ, ದಾನ, ನತಿ, ಉಪೇಕ್ಷೆ, ರಸಾಂತರ. ಇನಿಮಾತಾಡುವುದು, ಅವಳ ಸಖಿಯರನ್ನು ತನ್ನ ಕಡೆಗೆ ಒಲಿಸಿಕೊಳ್ಳುವುದು, ಒಡವೆ ಕೊಡುವುದು, ಕಾಲಿಗೆ ಬೀಳುವುದು, ಇವು ಯಾವುವೂ ಸಾಗದಿದ್ದರೆ ಸುಮ್ಮನಿರುವುದು, ಭಯಹರ್ಷಾದಿಗಳು ಥಟ್ಟನೆ ಒದಗಿ ಕೋಪವು ಮುರಿಯುವುದು. ನಾಲ್ಕು ರಾಜೋಪಾಯಗಳಲ್ಲಿ ದಂಡವೊಂದನ್ನು ಬಿಟ್ಟು ಆ ಎಡೆಯಲ್ಲಿ ನತಿಯನ್ನು ಇಟ್ಟಿರುವುದು ಗಮನಾರ್ಹವಾಗಿದೆ. ಒಲಿದವರ ನಡುವೆ ದಂಡಕ್ಕೆ ಎಡೆಯಿಲ್ಲವೆಂಬುದೇ ಅದರ ಭಾವ. ಇನ್ನೊಂದು ಅಂಶವು ಇದಕ್ಕಿಂತಲೂ ಮುಖ್ಯವಾದುದು. ಆರನೆಯದಾದ ರಸಾಂತರವು ಕೆಲವು ವೇಳೆ ದೈವಾಯತ್ತವಾಗಿರಬಹುದು. ಮಿಕ್ಕ ಐದೂ ತಪ್ಪು ಮಾಡಿದವನು ಮಾಡತಕ್ಕ ಕೆಲಸಗಳು. ಅವನು ಅವನ್ನು ಮಾಡಬೇಕಾದರೆ ಎದುರಿಗಿರುವವಳು ಮುನಿದಿರುವಳೆಂಬುದೂ ಏತಕ್ಕೆ ಮುನಿದಿರುವಳೆಂಬುದೂ ಅವನಿಗೆ ತಿಳಿದಿರಬೇಕು. ಎಂದರೆ ಮಾನವೆಂಬುದು ನೊಂದವರು ನೋಯಿಸಿದವರಿಗೆ ಕಾಣಿಸುವ ಕೋಪ. ಬಾಗಿಲು ಮುಚ್ಚಿದ್ದರೂ ಅಗುಳಿ ಹಾಕಿರುವುದಿಲ್ಲ. ಖಂಡಿತೆಯ ಮೂದಲೆ, ಕಲಹಾಂತರಿತೆಯ ಪಶ್ಚಾತ್ತಾಪ, ಇವೆಲ್ಲ ಕೇಳುವವನೊಬ್ಬನು ಇರುವನೆಂಬ ನಂಬಿಕೆಯ ಮೇಲೆ ನಿಂತ ಮಾತುಗಳು. ಭಾನುದತ್ತನು ರಸಮಂಜರಿಯಲ್ಲಿ ಮಾನವನ್ನು ಲಘು, ಮಧ್ಯಮ, ಗುರು ಎಂದು ಕಳೆಯುವ ಕಷ್ಟಕ್ಕೆ ಅನುಗುಣವಾಗಿ ವಿಭಾಗಿಸಿ, ಕಳೆಯಲಾಗದ ಮಾನವು ರಸಾಭಾಸವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿರುವನು. ಅಲ್ಲಿಗೆ ಶಾಸ್ತ್ರವು ಕೈತೊಳೆದುಕೊಂಡಿತು. ಅದರಾಚೆ ಏನಾಗುವುದೆಂಬುದನ್ನು ಹೇಳುವ ಹೊರೆ ಕವಿಗಳ ಮೇಲೆ ಬಿದ್ದಿತು.

ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆನಿಸಿಕೊಂಡ ಜನ್ನನು ಯಶೋಧರಚರಿತೆಯನ್ನು ರಚಿಸಿದುದು 1209ರಲ್ಲಿ. ನಾಲ್ಕು ಅವತಾರಗಳ, ಸುಮಾರು ಮುನ್ನೂರು ಪದ್ಯಗಳ ಕಿರಿಯ ಕಾವ್ಯವಿದು. ಬಹುಮಟ್ಟಿಗೆ ಕಂದಗಳಲ್ಲಿಯೇ ಸಾಗಿರುವುದು. ಕಥೆಯು ಜೈನರಲ್ಲಿ ಬಹು ಹಳೆಯದು. ಎಂಟನೆಯ ಶತಮಾನದ ಹರಿಭದ್ರನ ಪ್ರಾಕೃತ ಸಮರಾಇಚ್ಚಕಹಾದಲ್ಲಿ ಅದು ಬಂದಿದೆ. 959ರಲ್ಲಿ ಸೋಮದೇವಸೂರಿಯು ಅದನ್ನು ಯಶಸ್ತಿಲಕವೆಂಬ ಮಹಾಚಂಪುವಾಗಿ ಬೆಳೆಸಿದನು. ಮಾನ್ಯಖೇಟದ ಪುಷ್ಪದಂತನು ಅಪಭ್ರಂಶದಲ್ಲಿ ಹೇಳಿದನು. ವಾದಿರಾಜನು ನಾಲ್ಕು ಸರ್ಗಗಳ ಸಂಸ್ಕೃತಕಾವ್ಯವಾಗಿ ಅಡಕಗೊಳಿಸಿದನು. ಜನ್ನನಿಗೆ ಮಾರ್ಗದರ್ಶಕನಾದವನು ಈ ವಾದಿರಾಜನೆಂದು ವಿದ್ವಾಂಸರ ಮತ. ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬುದನ್ನು ತೋರಿಸುವುದು ಕಥೆಯ ಧರ್ಮೋದ್ದೇಶ. ಆ ಉದ್ದೇಶವನ್ನು ಪಾಠಶಾಲೆಗಳಲ್ಲಿ ತಪ್ಪದೆ ಹೇಳಿಕೊಡುವರು. ಆದರೆ ಅದನ್ನು ಹಿಟ್ಟಿನ ಕೋಳಿಯೊಂದಕ್ಕೆ ಮಾತ್ರ ಅನ್ವಯಿಸಿ ಬಿಟ್ಟುಬಿಡುವುದರಿಂದ ಕಾವ್ಯದ ಅರ್ಧಭಾಗವು ವಿದ್ಯಾರ್ಥಿಗಳ ಕಣ್ಣಿಗೆ ಬೀಳದೆ ಹೋಗುವುದು.

ಉಜ್ಜಯಿನಿಯ ಅರಸು ಯಶೋಧರ, ಅರಸಿ ಅಮೃತಮತಿ. ಒಂದು ಇರುಳು ಆನೆಯ ಲಾಯದಿಂದ ಕೇಳಿಬಂದ ಹಾಡಿಗೆ ಅರಸಿಯ ಮನಸ್ಸು ಸೋಲುವುದು. ಹಾಡಿದವನು ಕುರೂಪಿಯಾದ ಮಾವಟಿಗ. ಅವನನ್ನು ಕಂಡುಬಂದ ಸಖಿಯು ಅಸಹ್ಯದಿಂದ ಅವನ ಅಂಗಾಂಗಗಳನ್ನು ವರ್ಣಿಸಿದರೂ, ಒಲವಿಗೆ ರೂಪಿನ ಗೊಡವೆಯೇಕೆಂಬ ಅಭಿಪ್ರಾಯದ ಉತ್ತರವನ್ನು ಕೊಟ್ಟು ಅಮೃತಮತಿಯು ಅವನನ್ನು ಕೂಡುವಳು. ಅರಸನಿಗೆ ಅವಳ ಅಪ್ಪುಗೆಯಲ್ಲಿ ಏನೋ ಕಡಮೆಯಾದಂತೆ ತೋರುವುದು. ಕೇಳುವುದಿಲ್ಲ, ಕಾಯುವನು. ಒಂದು ರಾತ್ರಿ ನಿದ್ರೆಯನ್ನು ನಟಿಸಿ, ಅವಳು ತೋಳಿನಿಂದ ಜಾರಿ ಹೊರಟೊಡನೆ ಖಡ್ಗವನ್ನು ಹಿಡಿದು ಹಿಂಬಾಲಿಸುವನು. ಮರೆಯಲ್ಲಿ ನಿಂತು ಕಾಣುವುದೇನು? ತಡವಾಗಿ ಬಂದಳೆಂದು ಮಾವಟಿಗನು ಅವಳ ಮುಡಿಯನ್ನು ಹಿಡಿದು ಬಡಿಯುವನು; ಅವಳು ಅವನ ಕಾಲ್ಗೆರಗಿ, ಅರಸನು ಬಿಡದೆ ಇದ್ದುದರಿಂದ ತಡವಾಯಿತೆಂದೂ, ಇವನು ಬಿಟ್ಟರೆ ತಾನು ಬದುಕೆನೆಂದೂ, ಉಳಿದ ಗಂಡಸರು ತನಗೆ ಸೋದರರ ಸಮಾನರೆಂದೂ ಹೇಳಿಕೊಳ್ಳುವಳು.

ಧನಂಜಯನ ಗಣನೆಯಂತೆ ಇದು ದೃಷ್ಟವೂ ಹೌದು, ಶ್ರುತವೂ ಹೌದು. ಶ್ರುತವಾದುದು ಸಖಿಯ ಬಾಯಿಂದಲ್ಲ, ಅವಳದೇ ಬಾಯಿಂದ. ಆದರೆ ಇಲ್ಲಿ ನೊಂದವನು ಪುರುಷ. ಅವನ ಸ್ಥಿತಿಗೆ ಶಾಸ್ತ್ರದಲ್ಲಿ ಹೆಸರಿಲ್ಲ. ಅನ್ಯಾಸಕ್ತನಾದ ನಾಯಕನ ಮುಂದೆ ನಿಲ್ಲುವ ನಾಯಿಕೆಗೆ ಎಷ್ಟು ಭೇದಗಳು, ಎಷ್ಟು ಮಾತುಗಳು, ಎಷ್ಟು ಕಣ್ಣೀರು! ಅನ್ಯಾಸಕ್ತಳಾದ ನಾಯಿಕೆಯ ಮುಂದೆ ನಿಲ್ಲುವ ನಾಯಕನಿಗೆ ಶಾಸ್ತ್ರವು ಕೊಟ್ಟಿರುವುದು ಶೂನ್ಯ. ಲೋಕವು ಕೊಟ್ಟಿರುವುದು ಖಡ್ಗ. ಯಶೋಧರನು ಖಡ್ಗವನ್ನು ಎತ್ತುವನು. ಒಡನೆ ವಿವೇಕವು ತಡೆಯುವುದು. ಹಗೆಗಳನ್ನು ಇರಿಯಬೇಕಾದ ಅಲಗಿನಿಂದ ಒಬ್ಬ ಹೆಣ್ಣನ್ನೂ ಒಬ್ಬ ಹೀನನನ್ನೂ ಇರಿಯುವುದೆ ಎಂದು ಅವನು ಹಿಂದಿರುಗಿ ಹೋಗಿ ಮಂಚದ ಮೇಲೆ ಮೊದಲಿನಂತೆಯೇ ಮಲಗುವನು. ಸ್ವಲ್ಪ ಹೊತ್ತಿಗೆ ಅವಳೂ ಬಂದು ಪಕ್ಕದಲ್ಲಿ ಮಲಗುವಳು.

ಕತ್ತಿಯನ್ನು ತಡೆದುದು ಅರಸನ ದೊಡ್ಡತನವಲ್ಲವೆ, ಅದನ್ನು ಕವಿಯೇ ಶ್ಲಾಘಿಸಿರುವಾಗ ಅದರಲ್ಲಿ ದೋಷವನ್ನು ಹುಡುಕುವುದು ಯುಕ್ತವೆ ಎಂಬ ಶಂಕೆ ಹುಟ್ಟಬಹುದು. ದೋಷವು ತಡೆದುದರಲ್ಲಿಲ್ಲ. ಎತ್ತಿದ ಕೈ ಇಳಿದರೂ ಎತ್ತಿಸಿದ ಕೋಪ ಇಳಿಯಲಿಲ್ಲವೆಂಬುದೇ ವಿಚಾರಣೀಯವಾದ ಅಂಶ. ಕೊಲ್ಲದೆ ಇರುವುದಕ್ಕೂ ಕ್ಷಮಿಸುವುದಕ್ಕೂ ನಡುವೆ ಬಹಳ ದೂರವಿದೆ. ಮಾತನಾಡದೆ ಇರುವುದಕ್ಕೂ ಸಹಿಸಿಕೊಳ್ಳುವುದಕ್ಕೂ ಹಾಗೆಯೇ. ಒರೆಯೊಳಗೆ ಸೇರಿದುದು ಕಬ್ಬಿಣ ಮಾತ್ರ. ಕೋಪಕ್ಕೆ ಬೇರೆ ಆಯುಧವು ಬೇಕಾಯಿತು. ಅದು ಬೆಳಗಾಗುವ ಹೊತ್ತಿಗೆ ಕೈಗೆ ಸಿಕ್ಕಿತು.

ಬೆಳಗಿನಲ್ಲಿ ಅರಸನು ನರ್ಮಕ್ಕೆಂಬಂತೆ ಒಂದು ನೆಯ್ದಿಲ ಹೂವಿನಿಂದ ಅರಸಿಯನ್ನು ಹೊಡೆಯುವನು. ಅವಳು ಆ ಪೆಟ್ಟಿಗೆ ಮೂರ್ಛೆಹೋದಂತೆ ನಟಿಸಿ ಕೆಡೆಯುವಳು. ಅವನು ಶೈತ್ಯೋಪಚಾರಗಳನ್ನು ಮಾಡಿ ಎಬ್ಬಿಸಿ, ಹೂವಿನ ಹೊಡೆತದಿಂದ ಸಾಯಬೇಕಾದವಳು ಹೇಗೋ ಉಳಿದಳೆಂದು ನಗುತ್ತ ಆಡುವನು. ಇಷ್ಟೇ ಪ್ರಸಂಗ, ಕೆಲವೇ ಪದ್ಯಗಳಲ್ಲಿ ಮುಗಿದುಹೋಗುವುದು. ಸಂಸ್ಕೃತಕಾವ್ಯಗಳನ್ನು ಓದಿದವರಿಗೆ ಇಲ್ಲಿ ಎರಡು ಹಳೆಯ ಧ್ವನಿಗಳು ಕೇಳದೆ ಹೋಗವು.

ಒಂದನೆಯದು ಉತ್ಪಲತಾಡನ. ಕುಮಾರಸಂಭವದ ನಾಲ್ಕನೆಯ ಸರ್ಗದಲ್ಲಿ ಗಂಡನನ್ನು ಕಳೆದುಕೊಂಡ ರತಿಯು ನೆನಸಿಕೊಳ್ಳುವ ಸುಖಗಳಲ್ಲಿ ಇದೊಂದು: ಅವನ ಬಾಯಲ್ಲಿ ಪರಸ್ತ್ರೀಯ ಹೆಸರು ಜಾರಿದಾಗ ಅವನನ್ನು ಒಡ್ಯಾಣದ ಎಳೆಗಳಿಂದ ಕಟ್ಟಿದುದು, ಕಿವಿಯ ಉತ್ಪಲದಿಂದ ಹೊಡೆದುದು, ಅದರ ಕೇಸರವು ಉದುರಿ ಅವನ ಕಣ್ಣು ನೊಂದುದು. ಶೃಂಗಾರಕಾವ್ಯಗಳಲ್ಲಿ ಹೂವಿನ ಪೆಟ್ಟು ನಾಯಿಕೆಯ ಹಕ್ಕು. ಮುನಿದಿರುವೆನೆಂದು ತಿಳಿಸುವುದಕ್ಕೂ, ಮುನಿಸು ಇಷ್ಟೇ ಎಂದು ತಿಳಿಸುವುದಕ್ಕೂ ಅದೊಂದೇ ಪೆಟ್ಟು ಸಾಕಾಗುವುದು. ಹೂವಿನ ಮೃದುತ್ವವೇ ಅದರ ಅರ್ಥ. ಯಶೋಧರನ ಕೈಯಲ್ಲಿ ಈ ಸಂಕೇತವು ತಲೆಕೆಳಗಾಯಿತು. ಹೊಡೆದವನು ನಾಯಕ, ಮುನಿದಿರುವೆನೆಂದು ಅವನು ತಿಳಿಸಲೊಲ್ಲನು, ಹಿಂದಿನ ರಾತ್ರಿ ಎತ್ತಿ ಇಳಿಸಿದ ಖಡ್ಗದ ಬದಲು ಈ ಹೂವು ಬಂದಿದೆ. ಮೃದುತ್ವವು ಇಲ್ಲಿ ಅರ್ಥವಲ್ಲ, ಹೊದಿಕೆ.

ಎರಡನೆಯದು ರಘುವಂಶದ ಎಂಟನೆಯ ಸರ್ಗ. ಅಲ್ಲಿ ನಾರದನ ವೀಣೆಯಿಂದ ಜಾರಿದ ಹೂಮಾಲೆಯು ಬಿದ್ದು ಇಂದುಮತಿಯು ನಿಜವಾಗಿಯೂ ಸಾಯುವಳು. ಹೂವೂ ಪ್ರಾಣವನ್ನು ತೆಗೆಯುವುದೆ ಎಂದು ಅಜನು ಹಲುಬುವನು. ಇಲ್ಲಿ ಹೂವಿನ ಪೆಟ್ಟಿಗೆ ಸತ್ತಂತೆ ಬಿದ್ದವಳು ಬದುಕಿರುವಳು, ಗಂಡನು ನಗುವನು. ಮಾವಟಿಗನ ಕೈಯ ಬಡಿತಕ್ಕೆ ಕಾಲು ಹಿಡಿದವಳು ನೆಯ್ದಿಲಿಗೆ ಮೂರ್ಛೆಹೋಗುವುದನ್ನು ಕಂಡು ಅವನಿಗೆ ಬಂದ ನಗೆಯು ಎಂಥದೆಂಬುದನ್ನು ಕವಿಯು ವಿವರಿಸಿಲ್ಲ. ವಿವರಿಸಬೇಕಾದ ಆವಶ್ಯಕತೆಯೂ ಇಲ್ಲ.

ನಾಯಿಕಾಭೇದವನ್ನು ಬಲ್ಲವರು ಇನ್ನೊಂದನ್ನು ಗುರುತಿಸಬಹುದು. ಗಂಡನು ಅಪರಾಧಿಯಾದಾಗ ಮಧ್ಯೆಯಾದ ಧೀರೆಯು ಕೊಂಕುನುಡಿಯಿಂದ ಇರಿಯುವಳು. ಪ್ರಗಲ್ಭೆಯಾದ ಧೀರೆಯು ಕೋಪವನ್ನು ಮುಚ್ಚಿಟ್ಟು ಆದರವನ್ನೇ ಹೆಚ್ಚಾಗಿ ತೋರುವಳು. ಪ್ರಗಲ್ಭೆಯಾದ ಅಧೀರೆಯು ಹೊಡೆಯುವಳು. ಈ ಮೂರು ನಡತೆಗಳೂ ಬೇರೆ ಬೇರೆ ನಾಯಿಕೆಯರಿಗೆ ಹೇಳಿದುವು. ಯಶೋಧರನಲ್ಲಿ ಒಂದೇ ಗಳಿಗೆಯಲ್ಲಿ ಮೂರೂ ಸೇರಿವೆ: ಮುಚ್ಚಿಟ್ಟ ಕೋಪ, ಹೊಡೆತ, ಕೊಂಕುನುಡಿ. ತನ್ನ ದುಃಖಕ್ಕೆ ತನ್ನದೆನ್ನುವ ರೂಢಿಯೊಂದಿಲ್ಲದವನು ಎಲ್ಲವನ್ನೂ ಎರವಲು ತಂದಂತಿದೆ. ಎರವಲಾಗಿ ಬಾರದೆ ಇದ್ದುದು ಒಂದೇ. ಆ ನಾಯಿಕೆಯರ ಕೊಂಕಿನ ಹಿಂದೆ ಉತ್ತರದ ನಿರೀಕ್ಷೆಯಿರುವುದು. ಇವನ ಮಾತಿನಲ್ಲಿ ಉತ್ತರಕ್ಕೆ ಎಡೆಯೇ ಇಲ್ಲ.

ಆ ಮಾತಿನ ಬಗೆಯನ್ನು ಇನ್ನಷ್ಟು ನೋಡಬೇಕು. ಅದಕ್ಕೆ ಎರಡು ಅರ್ಥಗಳಿವೆ. ಸಖಿಯರು ಕೇಳಿದರೆ ಅರಸನ ಮುದ್ದು. ಅಮೃತಮತಿಯು ಕೇಳಿದರೆ ನಿನ್ನೆಯ ರಾತ್ರಿಯ ಲೆಕ್ಕ. ಇಂಥ ಮಾತಿಗೆ ಅವಳು ಏನೆಂದು ಮರುನುಡಿಯಬೇಕು? ಆರೋಪವನ್ನು ಮಾಡಿಲ್ಲವಾದುದರಿಂದ ಒಪ್ಪಿಕೊಳ್ಳುವಂತಿಲ್ಲ, ಅಲ್ಲಗಳೆಯುವಂತಿಲ್ಲ, ಕಾಲಿಗೆ ಬೀಳುವಂತಿಲ್ಲ. ಧನಂಜಯನ ಉಪಾಯಗಳಲ್ಲಿ ತಪ್ಪು ಮಾಡಿದವರಿಗೆ ತೆರೆದಿದ್ದ ಬಾಗಿಲುಗಳೆಲ್ಲ ಈ ಒಂದು ನಗೆಮಾತಿನಿಂದ ಮುಚ್ಚಿಹೋದುವು. ತನ್ನ ಗುಟ್ಟು ಬಯಲಾಗಿದೆಯೆಂಬ ಭಯವು ಮಾತ್ರ ಅವಳಲ್ಲಿ ಉಳಿಯಿತು. ಅರಸನ ಮಾತಿನ ಮರ್ಮವು ಅವಳಿಗೆ ತಿಳಿಯದೆ ಹೋಗಲಿಲ್ಲವೆಂದು ಅವಳ ಮುಂದಿನ ನಡತೆಯಿಂದ ಊಹಿಸಬೇಕಾಗಿದೆ. ನೇರವಾದ ನಿಂದೆಯಿಂದ ಪಶ್ಚಾತ್ತಾಪವಾದರೂ ಹುಟ್ಟೀತು, ಎದುರುಕೋಪವಾದರೂ ಹುಟ್ಟೀತು. ಮರೆಯ ಮೂದಲೆಯಿಂದ ಹುಟ್ಟುವುದು ಮರೆಯ ಪ್ರತೀಕಾರವೇ. ಇದರಿಂದ ಅವಳ ಅಪರಾಧವು ಕಡಮೆಯಾಯಿತೆಂದು ಹೇಳುವುದು ಸರಿಯಲ್ಲ. ಆದರೆ ಆ ಮನೆಯಲ್ಲಿ ನೋವು ಅವಳಿಂದ ಆರಂಭವಾಯಿತೆಂಬುದು ಎಷ್ಟು ನಿಜವೋ, ಅವಳೊಬ್ಬಳಿಂದಲೇ ಬೆಳೆಯಲಿಲ್ಲವೆಂಬುದೂ ಅಷ್ಟೇ ನಿಜ.

ಅಲ್ಲಿಂದ ಅರಸನು ತಾಯಿಯ ಬಳಿಗೆ ಹೋಗುವನು. ಚಂದ್ರಮತಿಯು ಮಗನ ಬಾಡಿದ ಮುಖವನ್ನು ಕಂಡು ಕಾರಣವನ್ನು ಕೇಳುವಳು. ನಿಜವನ್ನು ಹೇಳಲಾರದೆ ಅವನು ಒಂದು ಕನಸನ್ನು ಕಟ್ಟಿ ಹೇಳುವನು: ಹಂಸೆಯೊಂದು ತಾನು ವಿಹರಿಸುತ್ತಿದ್ದ ತಾವರೆಗೊಳವನ್ನು ತೊರೆದುಹೋದ ಕನಸು. ಹೆಂಡತಿಗೆ ಆಡಿದುದು ಎರಡರ್ಥದ ಮಾತು. ತಾಯಿಗೆ ಆಡಿದುದೂ ಎರಡರ್ಥದ ಮಾತೇ. ವ್ಯತ್ಯಾಸವೆಂದರೆ, ಹೆಂಡತಿಯು ಒಳಗಿನ ಅರ್ಥವನ್ನು ಹಿಡಿದಳು. ತಾಯಿಯು ಹೊರಗಿನದನ್ನು ಹಿಡಿದಳು. ಮಗನಿಗೆ ದುಃಸ್ವಪ್ನವಾಯಿತೆಂದು ನಂಬಿದ ಆ ಮುದುಕಿಯು ಅದರ ಶಾಂತಿಗಾಗಿ ದೇವಿಗೆ ಜೀವಬಲಿಯಾಗಬೇಕೆಂದಳು. ಅವಳ ಶ್ರದ್ಧೆಯಂತೆ ಅದು ವಾತ್ಸಲ್ಯವೇ. ಮಗನು ಹಿಂಸೆಗೆ ಒಪ್ಪಲಿಲ್ಲ; ತಾಯಿಯು ಬಿಡಲಿಲ್ಲ; ಕೊನೆಗೆ ಹಿಟ್ಟಿನ ಕೋಳಿಯಾದರೂ ಆಗಲೆಂದು ಒಡಂಬಡಿಕೆಯಾಯಿತು. ಒಲಿದವರ ನಡುವಣ ರಾಜಿಗಳಲ್ಲಿ ಇಂಥವು ಎಷ್ಟೋ ಇರುವುವು: ಒಬ್ಬರ ಮನಸ್ಸು ನೋಯದಿರಲೆಂದು ಇನ್ನೊಬ್ಬರು ತಮ್ಮ ನಂಬಿಕೆಯಲ್ಲಿ ಅರ್ಧವನ್ನು ಬಿಟ್ಟುಕೊಡುವರು, ಉಳಿದ ಅರ್ಧದಿಂದ ಇಬ್ಬರಿಗೂ ಪ್ರಯೋಜನವಾಗದು. ಕೋಳಿಯನ್ನು ಅರಸನು ಕಡಿದನು. ಅದರೊಳಗೆ ಬೇತಾಳವು ಹೊಕ್ಕಿದ್ದ ಕಾರಣ ಹಿಟ್ಟು ಕೂಗಿತು.

ಕನಸಿನ ಕಟ್ಟುಕಥೆಯಿಲ್ಲದಿದ್ದರೆ ಬಲಿಯ ಮಾತೇ ಏಳುತ್ತಿರಲಿಲ್ಲ. ತಾಯಿಯನ್ನು ನೋಯಿಸಬಾರದೆಂದು ಹೇಳಿದ ಸುಳ್ಳೇ ತಾಯಿಮಕ್ಕಳಿಬ್ಬರನ್ನೂ ಆ ಗುಡಿಯ ಬಾಗಿಲಿಗೆ ತಂದಿತು. ಈ ಕಾರ್ಯಕಾರಣದ ಎಳೆಯನ್ನು ಗಮನಿಸದೆ ಹಿಟ್ಟಿನ ಕೋಳಿಯನ್ನು ಮಾತ್ರ ಎತ್ತಿ ಆಡುವ ವ್ಯಾಖ್ಯಾನಗಳು ಕಾವ್ಯಕ್ಕೆ ನ್ಯಾಯವನ್ನು ಮಾಡಲಾರವು.

ಜೈನಶಾಸ್ತ್ರದಲ್ಲಿ ಹಿಂಸೆಯ ಲಕ್ಷಣವೇ ಇದಕ್ಕೆ ಪುಷ್ಟಿಕೊಡುವುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪ್ರಾಣಹರಣವನ್ನು ಹೇಳುವಾಗ ಪ್ರಮಾದದ ಯೋಗವನ್ನು ಮೊದಲಿಗೆ ಇಡುವುದು. ಅಮೃತಚಂದ್ರಸೂರಿಯು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಮುಂದೆ ಹೋಗಿ, ರಾಗಾದಿಗಳು ಹುಟ್ಟುವುದೇ ಹಿಂಸೆ, ಹುಟ್ಟದಿರುವುದೇ ಅಹಿಂಸೆ ಎನ್ನುವನು. ಕಷಾಯವುಳ್ಳ ಜೀವನು ಮೊದಲು ತನ್ನನ್ನು ತಾನೇ ಕೊಂದುಕೊಳ್ಳುವನು, ಪರಪ್ರಾಣಿಗೆ ಕೇಡಾಗುವುದೂ ಆಗದಿರುವುದೂ ಅನಂತರದ ಮಾತು ಎಂಬುದು ಅವನ ಸಿದ್ಧಾಂತ. ಈ ದೃಷ್ಟಿಯಿಂದ ನೋಡಿದರೆ ಯಶೋಧರನ ಕೈಯಿಂದಾದ ಪೆಟ್ಟುಗಳು ಮೂರು. ಎತ್ತಿ ಇಳಿಸಿದ ಖಡ್ಗದ್ದು ಒಂದು, ನೆಯ್ದಿಲಿನದು ಒಂದು, ಹಿಟ್ಟಿನ ಕೋಳಿಯದು ಒಂದು. ಮೂರರಿಂದಲೂ ಒಂದು ಪ್ರಾಣಿಯ ರಕ್ತವೂ ಬೀಳಲಿಲ್ಲ. ಮೂರರಲ್ಲಿಯೂ ಸಂಕಲ್ಪವಿತ್ತು. ಮೂರನೆಯದಕ್ಕೆ ಮಾತ್ರ ಗುಡಿಯೂ ಬಲಿಪೀಠವೂ ಇದ್ದುದರಿಂದ ಅದು ಎಲ್ಲರ ಕಣ್ಣಿಗೆ ಬಿದ್ದಿತು. ಜನ್ನನು 1230ರಲ್ಲಿ ಮುಗಿಸಿದ ಅನಂತನಾಥಪುರಾಣದಲ್ಲಿಯೂ ಇಂಥದೇ ಒಂದು ಪೆಟ್ಟಿದೆ. ಗೆಳೆಯನ ಮನೆಗೆ ಅತಿಥಿಯಾಗಿ ಬಂದು ಅವನ ಹೆಂಡತಿಯನ್ನು ಕದ್ದೊಯ್ದ ಚಂಡಶಾಸನನು ಸುನಂದೆಗೆ ಗಂಡನ ಕೃತಕವಾದ ತಲೆಯನ್ನು ತೋರಿಸುವನು. ಅದನ್ನು ಕಂಡು ಅವಳು ಪ್ರಾಣವನ್ನು ಬಿಡುವಳು. ನಿಜವಲ್ಲದ ವಸ್ತುವಿನಿಂದ ನಿಜವಾದ ಸಾವು ಬರುವ ಬಗೆಯು ಈ ಕವಿಯ ಮನಸ್ಸನ್ನು ಇಪ್ಪತ್ತು ವರ್ಷ ಹಿಡಿದಿತ್ತೆಂದು ತೋರುವುದು.

ಮುಚ್ಚಿಟ್ಟ ಮಾತಿನಿಂದ ದಂಪತಿಗಳು ಹಾಳಾಗುವ ಇನ್ನೊಂದು ಕಥೆಯನ್ನು ಭವಭೂತಿಯು ಹೇಳಿರುವನು. ಉತ್ತರರಾಮಚರಿತದ ಮೊದಲ ಅಂಕದಲ್ಲಿ ದುರ್ಮುಖನು ಜನಾಪವಾದವನ್ನು ತಂದಾಗ ಸೀತೆಯು ರಾಮನ ತೋಳಿನ ಮೇಲೆ ನಿದ್ರಿಸುತ್ತಿರುವಳು. ಅವನು ಅವಳನ್ನು ಎಬ್ಬಿಸಿ ಹೇಳುವುದಿಲ್ಲ. ಕಾಡನ್ನು ಮತ್ತೆ ನೋಡಬೇಕೆಂದು ಅವಳೇ ಪಟ್ಟ ಆಸೆಯು ಅವಳನ್ನು ಕಾಡಿಗೆ ಅಟ್ಟುವುದಕ್ಕೆ ನೆಪವಾಗುವುದು. ಇಲ್ಲಿಯೂ ತೋಳಿನಿಂದ ಜಾರುವುದುಂಟು. ಆದರೆ ಜಾರುವವನು ಗಂಡ. ಯಶೋಧರಚರಿತೆಯಲ್ಲಿ ಆಗದೆ ಇದ್ದುದು ಭವಭೂತಿಯಲ್ಲಿ ಮೂರನೆಯ ಅಂಕದಲ್ಲಿ ಆಗುವುದು. ಹನ್ನೆರಡು ವರ್ಷಗಳಾದ ಮೇಲೆ, ಕಣ್ಣಿಗೆ ಕಾಣದಂತೆ ನಿಂತ ಸೀತೆಯು ರಾಮನ ಅಳಲನ್ನು ತನ್ನ ಕಿವಿಯಿಂದ ಕೇಳುವಳು. ಅಶ್ವಮೇಧಕ್ಕೆ ಸಹಧರ್ಮಿಣಿಯಾಗಿ ಇಟ್ಟುಕೊಂಡುದು ತನ್ನದೇ ಚಿನ್ನದ ಪ್ರತಿಮೆಯೆಂದು ಅವನ ಬಾಯಿಂದಲೇ ತಿಳಿದಾಗ, ಪರಿತ್ಯಾಗದ ನಾಚಿಕೆಯ ಮುಳ್ಳು ಕಿತ್ತುಬಂದಿತೆಂದು ತನಗೆ ತಾನೇ ಹೇಳಿಕೊಳ್ಳುವಳು. ರಾಮನು ಕ್ಷಮೆಯನ್ನು ಬೇಡಿಲ್ಲ. ಅವಳು ಅಲ್ಲಿರುವುದೂ ಅವನಿಗೆ ಗೊತ್ತಿಲ್ಲ. ಆಡಿದ ಮಾತು ಕೇಳಿಸಿತು, ಅಷ್ಟೆ. ಕಳೆಯಲಾಗದ ಮಾನವು ರಸಾಭಾಸವೆಂದ ಶಾಸ್ತ್ರದ ಮಾತಿಗೆ ಭವಭೂತಿಯು ಮುಂಚೆಯೇ ಇಂಥ ಉತ್ತರವನ್ನು ಬರೆದಿಟ್ಟಿದ್ದನು.

ಉಜ್ಜಯಿನಿಯಲ್ಲಿ ಅಂಥ ಅಂಕವು ಬರಲಿಲ್ಲ. ಹಿಟ್ಟು ಕೂಗಿದುದನ್ನು ಕೇಳಿ ನಡುಗಿದ ಅರಸನು ಮಗನಾದ ಯಶೋಮತಿಗೆ ಪಟ್ಟವನ್ನು ಕಟ್ಟಿ ತಪಸ್ಸಿಗೆ ಹೋಗಲು ನಿಶ್ಚಯಿಸಿದನು. ಅಮೃತಮತಿಯು ಹೊರಡುವ ಮುನ್ನ ತನ್ನಲ್ಲಿ ಉಂಡು ಹೋಗಬೇಕೆಂದು ಅತ್ತೆಯನ್ನೂ ಗಂಡನನ್ನೂ ಕರೆದು ವಿಷವನ್ನಿಕ್ಕಿದಳು. ಕರೆದ ಮಾತು ಉಪಚಾರದ ಮಾತು. ಬಡಿಸಿದುದು ಹಬ್ಬದ ಅಡುಗೆ. ಅರಸನು ಹೂವಿನೊಳಗೆ ಇಟ್ಟುದನ್ನು ಅರಸಿಯು ಅನ್ನದೊಳಗೆ ಇಟ್ಟು ಹಿಂದಿರುಗಿಸಿದಳು. ಅವನು ಎಲ್ಲವನ್ನೂ ಬಲ್ಲವನಾಗಿದ್ದೂ ಹೋಗಿ ಉಂಡನೆಂಬುದು ಕಥೆಯಲ್ಲಿ ವಿಚಿತ್ರವಾಗಿ ತೋರಬಹುದು. ಮುಚ್ಚಿಟ್ಟವನಿಗೆ ಒಲ್ಲೆನೆನ್ನಲು ಕಾರಣವೆಲ್ಲಿಯದು?

ಮುಂದಿನ ಜನ್ಮಗಳ ಕಥೆಯು ಜೈನಕಾವ್ಯದ ಕ್ರಮದಂತೆ ವೇಗವಾಗಿ ಸಾಗುವುದು. ಅವುಗಳಲ್ಲಿ ಮೊದಲನೆಯದು ಮಾತ್ರ ಇಲ್ಲಿ ಪ್ರಸ್ತುತ. ಯಶೋಧರನು ನವಿಲಾಗಿಯೂ ಚಂದ್ರಮತಿಯು ನಾಯಿಯಾಗಿಯೂ ಹುಟ್ಟಿ ಯಶೋಮತಿಯ ಅರಮನೆಗೇ ಬಂದು ಸೇರುವರು. ನವಿಲಿಗೆ ಪೂರ್ವಸ್ಮರಣೆಯಾಗಿ, ಮಾವಟಿಗನೊಡನಿದ್ದ ಅಮೃತಮತಿಯ ಮೇಲೆ ಎರಗುವುದು. ಮನುಷ್ಯಜನ್ಮದಲ್ಲಿ ಬಾಯಿದ್ದೂ ಆಡದೆ ಹೋದ ಕೋಪವು ಬಾಯಿಲ್ಲದ ಜನ್ಮದಲ್ಲಿ ಕೊಕ್ಕಾಗಿ ಹೊರಬಿದ್ದಿತು. ಪೆಟ್ಟು ತಿಂದು ಬಿದ್ದ ನವಿಲನ್ನು ನಾಯಿಯು ಕಚ್ಚಿ ಹಿಡಿಯುವುದು. ನಾಯಿಯನ್ನು ಯಶೋಮತಿಯು ನೆತ್ತದ ಹಲಗೆಯಿಂದ ಹೊಡೆಯುವನು. ಮಗನನ್ನು ತಾಯಿಯು ಕೊಂದಳು. ಅಜ್ಜಿಯನ್ನು ಮೊಮ್ಮಗನು ಕೊಂದನು. ಯಾರಿಗೂ ಯಾರೆಂದು ತಿಳಿಯದು. ಇದನ್ನು ಕರ್ಮಫಲದ ದೃಷ್ಟಾಂತವೆಂದು ಓದುವುದು ಸಂಪ್ರದಾಯ. ಅದು ಸರಿಯಾದ ಓದೇ. ತಾಯಿಯ ವಾತ್ಸಲ್ಯದ ಹಿಡಿತವನ್ನು ನಾಯಿಯ ಹಲ್ಲಿನಲ್ಲಿ ಕಂಡವನ ಕಣ್ಣು ಮಾತ್ರ ಉಪದೇಶಕನದಲ್ಲ, ಕವಿಯದು.

ಅಮೃತಮತಿಯ ವಿಷಯವಾಗಿ ಇಪ್ಪತ್ತನೆಯ ಶತಮಾನದಲ್ಲಿ ಬಹಳ ಚರ್ಚೆ ನಡೆದಿದೆ. ಅವಳನ್ನು ಕೇವಲ ಕುಲಟೆಯೆಂದು ತಳ್ಳಿದವರೂ ಇದ್ದಾರೆ. ಅವಳ ಒಲವಿನ ರಹಸ್ಯವನ್ನು ಸಹಾನುಭೂತಿಯಿಂದ ಅರಸಿದವರೂ ಇದ್ದಾರೆ. ಗಿರೀಶ ಕಾರ್ನಾಡರ ಹಿಟ್ಟಿನ ಹುಂಜ (1980) ನಾಟಕವು ಈ ಕಥೆಯಿಂದಲೇ ಹುಟ್ಟಿತು. ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಕೈಬಿಟ್ಟುಹೋಗುವ ಸಂಗತಿಯೊಂದಿದೆ. ಕಾವ್ಯದಲ್ಲಿ ಈ ಕಥೆಯನ್ನೆಲ್ಲ ಹೇಳುತ್ತಿರುವವನು ನೊಂದ ಗಂಡನೇ. ಅಭಯರುಚಿಯೆಂಬ ಬಾಲಕನಾಗಿ ಹುಟ್ಟಿ, ಹಿಂದೆ ತಾಯಿಯಾಗಿದ್ದು ಈಗ ತಂಗಿಯಾಗಿರುವ ಅಭಯಮತಿಯ ಪಕ್ಕದಲ್ಲಿ ನಿಂತು, ತಮ್ಮಿಬ್ಬರನ್ನೂ ಚಂಡಮಾರಿಗೆ ಬಲಿಕೊಡಲು ಸಿದ್ಧನಾಗಿರುವ ಮಾರಿದತ್ತನಿಗೆ ಹೇಳುತ್ತಿರುವನು. ಹೆಂಡತಿಯ ಮುಂದೆ ಆಡದ ಮಾತನ್ನು, ತಾಯಿಯ ಮುಂದೆ ಕನಸಾಗಿ ಮರೆಸಿದ ಮಾತನ್ನು, ಅನೇಕ ಜನ್ಮಗಳಾದ ಮೇಲೆ ಮೊದಲ ಸಲ ನೇರವಾಗಿ ಆಡುವನು. ಆಡುವಾಗ ಅವನು ಎತ್ತಿ ಹೇಳಿಕೊಳ್ಳುವ ತಪ್ಪು ಅವಳದಲ್ಲ, ತನ್ನದು. ಕೇಳಿದ ಮಾರಿದತ್ತನು ಬಲಿಯನ್ನು ಬಿಡುವನು. ಪಕ್ಕದಲ್ಲಿದ್ದ ತಂಗಿಗೆ, ಎಂದರೆ ಆ ತಾಯಿಗೆ, ಹಂಸೆಯ ಕನಸಿನ ನಿಜವು ಆ ಸಭೆಯಲ್ಲಿ ಮತ್ತೆ ಬಿಚ್ಚಿಕೊಳ್ಳುವುದು. ಅಮೃತಮತಿಯು ಮಾತ್ರ ಆ ಹೊತ್ತಿಗೆ ನರಕದಲ್ಲಿರುವಳು. ನೆಯ್ದಿಲಿನ ಅರ್ಥವನ್ನು ಅವಳಿಗೆ ಯಾರೂ ಹೇಳಲಿಲ್ಲ.